ಫ್ರೀ ಡಿಶ್ ರೆಕಾರ್ಡರ್: ದುಡ್ಡು ಯಾವುದಕ್ಕೆ ಕೊಡಬೇಕು?

ಫ್ರೀ ಡಿಶ್ ಬಾಕ್ಸ್ ಮಾರುವ ಅಂಗಡಿಗಳಲ್ಲಿ ಈಗ ಬಹುತೇಕ ರಟ್ಟಿನ ಡಬ್ಬಿಗಳ ಮೇಲೆ ‘ಯುಎಸ್‌ಬಿ ರೆಕಾರ್ಡಿಂಗ್’ ಎಂದೋ ‘ಪಿವಿಆರ್’ ಎಂದೋ ಅಚ್ಚಾಗಿರುತ್ತದೆ. ಕೇಳಿದರೆ ಅಂಗಡಿಯವರು ಪೆನ್ ಡ್ರೈವ್ ಚುಚ್ಚಿ, ರಿಮೋಟ್‌ನ ಕೆಂಪು ಗುಂಡಿ ಒತ್ತಿ, ಎರಡು ನಿಮಿಷ ರೆಕಾರ್ಡ್ ಮಾಡಿ ತೋರಿಸುತ್ತಾರೆ. ಚಿತ್ರ ಬರುತ್ತದೆ, ಮಾತು ಕೇಳುತ್ತದೆ, ಗಿರಾಕಿ ಒಪ್ಪಿಕೊಂಡು ದುಡ್ಡು ಎಣಿಸುತ್ತಾನೆ. ಆದರೆ ಟಿವಿಯ ಮುಂದೆ ಕೂತಿರುವವರಿಗೆ ರೆಕಾರ್ಡಿಂಗ್ ಯಾಕೆ ಬೇಕು? ನಾವು ತೋಟದಲ್ಲಿರುವಾಗ, ರಾತ್ರಿ ಪಾಳಿಗೆ ಹೋದಾಗ, ನೆಂಟರ ಮನೆಯ ಮದುವೆಗೆ ಹೊರಟಾಗ ಆ ಬಾಕ್ಸ್ ತಾನಾಗಿ ಎದ್ದು, ಸರಿಯಾದ ವಾಹಿನಿ ಹಿಡಿದು, ಕಾರ್ಯಕ್ರಮ ಮುಗಿಯುವ ತನಕ ಉಳಿಸಿಕೊಂಡಿತೇ ಎಂಬುದೇ ಪರೀಕ್ಷೆ. ಆ ಪರೀಕ್ಷೆ ಅಂಗಡಿಯಲ್ಲಿ ನಡೆಯುವುದಿಲ್ಲ.

ಇದು ಸಣ್ಣ ವಿಷಯ ಎಂದು ನನಗೆ ಅನಿಸುವುದಿಲ್ಲ. ಮನೆಯಲ್ಲಿ ಒಳ್ಳೆಯ ಇಂಟರ್ನೆಟ್ ಇರುವವರಿಗೆ ತಪ್ಪಿಹೋದ ಕಾರ್ಯಕ್ರಮ ಮರುದಿನ ಫೋನಿನಲ್ಲಿ ಸಿಗುತ್ತದೆ. ಫ್ರೀ ಡಿಶ್ ನೆಚ್ಚಿಕೊಂಡ ಮನೆಗಳಲ್ಲಿ ಬಹಳಷ್ಟು ಬೇರೆ ಥರದವು. ತಿಂಗಳ ರೀಚಾರ್ಜ್ ಹೊರೆಯಾಗುವ ಮನೆಗಳು, ಕೇಬಲ್ ತಲುಪದ ಒಂಟಿ ಮನೆಗಳು, ಫೋನಿನ ಡೇಟಾವನ್ನು ಅಳೆದು ಸುರಿದು ಬಳಸುವ ಮನೆಗಳು. ಅಲ್ಲಿ ತಪ್ಪಿದ್ದು ತಪ್ಪಿದಂತೆಯೇ. ರೆಕಾರ್ಡರ್‌ನ ಅಗತ್ಯ ಹೆಚ್ಚಾಗಿರುವುದು ಇವರಿಗೆ, ಕಾಳಜಿಯಿಲ್ಲದೆ ತಯಾರಾದ ಬಾಕ್ಸ್‌ಗಳು ಬಂದು ಸೇರುವುದೂ ಇವರ ಮನೆಗೇ. ಹಣ ಕಡಿಮೆ ಇದ್ದವರು ಎರಡನೇ ಸಲ ಕೊಳ್ಳಲಾರರು. ಹಾಗಾಗಿ ಮೊದಲ ಸಲವೇ ಏನು ನೋಡಿ ಕೊಳ್ಳಬೇಕೆಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ಫ್ರೀ ಡಿಶ್ ಬಗ್ಗೆ ನಾಲ್ಕು ಮಾತು. 2004ರ ಡಿಸೆಂಬರ್ 16ರಂದು ಅಂದಿನ ಪ್ರಧಾನಿ ಮನಮೋಹನ್ ಸಿಂಗ್ ‘ಡಿಡಿ ಡೈರೆಕ್ಟ್ ಪ್ಲಸ್’ ಹೆಸರಿನಲ್ಲಿ ಇದನ್ನು ಉದ್ಘಾಟಿಸಿದಾಗ ಇದ್ದದ್ದು 33 ವಾಹಿನಿಗಳು. ಆಮೇಲೆ ಹೆಸರು ‘ಡಿಡಿ ಫ್ರೀ ಡಿಶ್’ ಎಂದಾಯಿತು. ನಡೆಸುವುದು ಪ್ರಸಾರ ಭಾರತಿ. ದೆಹಲಿಯ ತೋಡಾಪುರದ ಕೇಂದ್ರದಿಂದ ಮೇಲೇರುವ ಸಂಕೇತ, ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿ ನಿಂತಿರುವ ಜಿಸ್ಯಾಟ್-15 ಉಪಗ್ರಹದ ಮೂಲಕ ದೇಶದ ತುಂಬ ಇಳಿಯುತ್ತದೆ. ಬಾಕ್ಸ್ ಮತ್ತು ಡಿಶ್‌ಗೆ ಒಮ್ಮೆ ಸುಮಾರು 2,000 ರೂಪಾಯಿ ಖರ್ಚು ಎಂದು ಪ್ರಸಾರ ಭಾರತಿಯೇ ಹೇಳುತ್ತ ಬಂದಿದೆ. ಅದರ ಮೇಲೆ ತಿಂಗಳಿಗೆ ಒಂದು ಪೈಸೆಯೂ ಇಲ್ಲ. ಖಾಸಗಿ ವಾಹಿನಿಗಳು ಇ-ಹರಾಜಿನಲ್ಲಿ ಜಾಗ ಹಿಡಿದು ಪ್ರಸಾರ ಭಾರತಿಗೆ ಹಣ ಕಟ್ಟುತ್ತವೆ, ಅದರಿಂದ ವ್ಯವಸ್ಥೆ ನಡೆಯುತ್ತದೆ. 2022ರ ಹೊತ್ತಿಗೆ ಸುಮಾರು ನಾಲ್ಕೂವರೆ ಕೋಟಿ ಮನೆಗಳಲ್ಲಿ ಫ್ರೀ ಡಿಶ್ ಇದೆಯೆಂದು ಫಿಕ್ಕಿ ಮತ್ತು ಇವೈ ವರದಿ ಅಂದಾಜು ಮಾಡಿತ್ತು. 2019ರ ಫೆಬ್ರುವರಿಯಲ್ಲಿ ಟ್ರಾಯ್‌ನ ಹೊಸ ದರ ನೀತಿ ಜಾರಿಗೆ ಬಂದು, ಮೊದಲ ನೂರು ವಾಹಿನಿಗಳ ಜಾಲಶುಲ್ಕಕ್ಕೇ ತಿಂಗಳಿಗೆ 130 ರೂಪಾಯಿ ಮತ್ತು ತೆರಿಗೆ ಎಂದಾದಾಗ, ಹಲವು ಮನೆಗಳು ಕೇಬಲ್ ಬಿಟ್ಟು ಇತ್ತ ತಿರುಗಿದವು.

ಕನ್ನಡದ ಮನೆಯವರಿಗೆ ಒಂದು ಮಾತನ್ನು ನೇರವಾಗಿ ಹೇಳಿಬಿಡಬೇಕು. ಇದರಲ್ಲಿ ಹಿಂದಿಯದೇ ಮೇಲುಗೈ. ಧಾರಾವಾಹಿಗಳ ಜೀ ಕನ್ನಡ, ಕಲರ್ಸ್ ಕನ್ನಡ ಇಲ್ಲಿ ಬರುವುದಿಲ್ಲ. ಅವು ಬೇಕೇ ಬೇಕೆನ್ನುವವರು ಎಂಥ ರೆಕಾರ್ಡರ್ ತಂದರೂ ಬೇಸರವೇ ಗಟ್ಟಿ. ಆದರೆ ಡಿಡಿ ಚಂದನ ಬರುತ್ತದೆ, ಮತ್ತು ಉಳಿಸಿಟ್ಟುಕೊಳ್ಳಬೇಕೆನ್ನುವ ಕಾರ್ಯಕ್ರಮಗಳು ಚಂದನದಲ್ಲಿ ಬೇಕಾದಷ್ಟಿವೆ. ಡಾ. ನಾ. ಸೋಮೇಶ್ವರ ಅವರು 2002ರಿಂದ ನಡೆಸಿಕೊಂಡು ಬಂದ ‘ಥಟ್ ಅಂತ ಹೇಳಿ’ಯನ್ನು ಮಕ್ಕಳಿಗೆ ತೋರಿಸಲು ಕಾದು ಕೂರುವ ಮನೆಗಳಿವೆ. ಮೈಸೂರು ದಸರಾದ ಜಂಬೂಸವಾರಿ ನೇರಪ್ರಸಾರವಾಗುತ್ತದೆ. ಊರಿನ ಕಲಾವಿದರೊಬ್ಬರ ಹಾಡುಗಾರಿಕೆಯೋ ಯಕ್ಷಗಾನವೋ ಒಂದು ದಿನ ಬಂದು ಹೋಗುತ್ತದೆ, ಮತ್ತೆ ಯಾವಾಗ ಬರುತ್ತದೆಂದು ಹೇಳುವವರಿಲ್ಲ. ಆಕಾಶವಾಣಿಯ ಕೇಂದ್ರಗಳೂ ಇದೇ ಡಿಶ್‌ನಲ್ಲಿ ಸಿಗುತ್ತವೆ. 2016ರ ಜನವರಿ 26ರಂದು ಬೆಂಗಳೂರಿನಿಂದ ಆರಂಭವಾದ ಶಾಸ್ತ್ರೀಯ ಸಂಗೀತದ ‘ರಾಗಂ’ ವಾಹಿನಿ ಅವುಗಳಲ್ಲೊಂದು. ರೇಡಿಯೊ ಕಛೇರಿಯನ್ನು ಬಾಕ್ಸ್‌ನಲ್ಲಿ ರೆಕಾರ್ಡ್ ಮಾಡಿಕೊಳ್ಳಬಹುದೆಂಬುದು ಎಷ್ಟೋ ಜನರ ಗಮನಕ್ಕೇ ಬಂದಿಲ್ಲ. ಎಲ್ಲ ಬಾಕ್ಸ್‌ಗಳೂ ಅದಕ್ಕೆ ಒಪ್ಪುವುದಿಲ್ಲವಾದ್ದರಿಂದ ಕೊಳ್ಳುವಾಗಲೇ ಕೇಳಿಕೊಳ್ಳಿ.

ಕ್ರಿಕೆಟ್ ಪ್ರಿಯರಿಗೆ ಇನ್ನೊಂದು ಲಾಭವಿದೆ. 2007ರ ಕ್ರೀಡಾ ಪ್ರಸಾರ ಕಾಯ್ದೆಯ ಪ್ರಕಾರ ರಾಷ್ಟ್ರೀಯ ಮಹತ್ವದ ಪಂದ್ಯಗಳ ನೇರಪ್ರಸಾರ ಹಕ್ಕು ಯಾರದೇ ಆಗಿರಲಿ, ಅವರು ಆ ಸಂಕೇತವನ್ನು ಪ್ರಸಾರ ಭಾರತಿಯೊಂದಿಗೆ ಹಂಚಿಕೊಳ್ಳಬೇಕು. ಹಾಗೆ ಸಿಕ್ಕ ಸಂಕೇತವನ್ನು ದೂರದರ್ಶನ ತನ್ನ ಭೂಪ್ರಸಾರದಲ್ಲಿ ಮತ್ತು ತನ್ನದೇ ಡಿಟಿಎಚ್‌ನಲ್ಲಿ ಮಾತ್ರ ತೋರಿಸಬಹುದೆಂದು 2017ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಕೇಬಲ್‌ನ ದೂರದರ್ಶನದಲ್ಲಿ ಕಾಣದ ಪಂದ್ಯ ಫ್ರೀ ಡಿಶ್‌ನಲ್ಲಿ ಕಾಣುವುದಕ್ಕೆ ಕಾರಣ ಇದು. ಹಗಲೆಲ್ಲ ಕೆಲಸ ಮಾಡಿ ರಾತ್ರಿ ಕೂತು ಪೂರ್ತಿ ಪಂದ್ಯ ನೋಡುವ ಆಸೆಯಿರುವವರಿಗೆ ಒಳ್ಳೆಯ ರೆಕಾರ್ಡರ್‌ನ ಬೆಲೆ ಗೊತ್ತು.

ಈಗ ಬಾಕ್ಸ್‌ಗೆ ಬರೋಣ. ಮಾರುಕಟ್ಟೆಯಲ್ಲಿ ಎರಡು ಜಾತಿಯವು ಇವೆ. ಹಳೆಯದು ಎಂಪೆಗ್-2, ಹೊಸದು ಎಂಪೆಗ್-4. ಫ್ರೀ ಡಿಶ್ ಎರಡೂ ಬಗೆಯಲ್ಲಿ ವಾಹಿನಿಗಳನ್ನು ಕಳಿಸುತ್ತದೆ. ಎಂಪೆಗ್-4 ಬಾಕ್ಸ್ ಎರಡನ್ನೂ ಹಿಡಿಯುತ್ತದೆ, ಎಂಪೆಗ್-2 ಬಾಕ್ಸ್ ಹಳೆಯದನ್ನು ಮಾತ್ರ. ಎರಡಕ್ಕೂ ಬೆಲೆಯಲ್ಲಿ ಕೆಲವು ನೂರು ರೂಪಾಯಿ ವ್ಯತ್ಯಾಸ. ಆ ಉಳಿತಾಯಕ್ಕೆ ಆಸೆಪಟ್ಟು ಎಂಪೆಗ್-2 ತರಬೇಡಿ, ಇದರಲ್ಲಿ ನನಗೆ ಎರಡನೇ ಮಾತಿಲ್ಲ. ಎಂಪೆಗ್-4 ಬಾಕ್ಸ್‌ಗಳಿಗಾಗಿ ಪ್ರಸಾರ ಭಾರತಿ ‘ಐಕ್ಯಾಸ್’ ಎಂಬ ದೇಶೀ ಬೀಗದ ವ್ಯವಸ್ಥೆಯನ್ನು ತಂದು, ಅದಕ್ಕೆ ಒಗ್ಗುವ ಬಾಕ್ಸ್ ತಯಾರಿಸಲು ಕೆಲವು ಕಂಪನಿಗಳಿಗೆ ಅನುಮತಿ ಕೊಟ್ಟಿದೆ. ಬೀಗವಿದ್ದರೂ ಶುಲ್ಕವಿಲ್ಲ. ಸಾಧ್ಯವಾದರೆ ಅಂಥ ಅಧಿಕೃತ ಬಾಕ್ಸ್ ಕೊಳ್ಳುವುದು ಮುಂದಿನ ದಿನಗಳಿಗೆ ಕ್ಷೇಮ. ಆದರೆ ಅಧಿಕೃತ ಎಂದಮಾತ್ರಕ್ಕೆ ಅದರಲ್ಲಿ ರೆಕಾರ್ಡಿಂಗ್ ಇರುತ್ತದೆ ಎಂದುಕೊಳ್ಳಬೇಡಿ. ಅದು ಬೇರೆ ಪ್ರಶ್ನೆ, ಬೇರೆಯಾಗಿಯೇ ಕೇಳಬೇಕು.

ರೆಕಾರ್ಡಿಂಗ್‌ನ ಗುಣಮಟ್ಟದ ಬಗ್ಗೆ ಅಂಗಡಿಯವರು ಹೇಳುವ ಮಾತಿಗೆ ಕಿವಿಗೊಡಬೇಕಾಗಿಲ್ಲ. ಹಿಂದಿನ ವಿಡಿಯೊ ಕ್ಯಾಸೆಟ್ ಕಾಲದಲ್ಲಿ ಯಂತ್ರ ಚೆನ್ನಾಗಿದ್ದರೆ ಚಿತ್ರ ಚೆನ್ನಾಗಿ ಬರುತ್ತಿತ್ತು. ಈ ಬಾಕ್ಸ್‌ಗಳು ಚಿತ್ರವನ್ನು ಹೊಸದಾಗಿ ತಯಾರಿಸುವುದಿಲ್ಲ. ಉಪಗ್ರಹದಿಂದ ಅಂಕಿಗಳ ರೂಪದಲ್ಲಿ ಬಂದ ಹೊಳೆಯಲ್ಲಿ ನಿಮ್ಮ ವಾಹಿನಿಯ ಪಾಲನ್ನು ಸೋಸಿ, ಇದ್ದದ್ದನ್ನು ಇದ್ದಂತೆ ಪೆನ್ ಡ್ರೈವ್‌ಗೆ ಇಳಿಸುತ್ತವೆ. ಒಂದೇ ಕಾರ್ಯಕ್ರಮವನ್ನು ಸಾವಿರ ರೂಪಾಯಿಯ ಬಾಕ್ಸ್‌ನಲ್ಲಿ ರೆಕಾರ್ಡ್ ಮಾಡಿದರೂ ಮೂರು ಸಾವಿರದ್ದರಲ್ಲಿ ಮಾಡಿದರೂ ಕಡತ ಅದೇ. ‘ಎಚ್‌ಡಿ ರೆಕಾರ್ಡಿಂಗ್’ ಎಂಬ ಮುದ್ರೆಗೆ ಹೆಚ್ಚು ಹಣ ಕೊಡುವುದರಲ್ಲಿ ಅರ್ಥವಿಲ್ಲ. ಬಂದ ಸಂಕೇತ ಎಸ್‌ಡಿ ಆಗಿದ್ದರೆ ಉಳಿಯುವುದೂ ಎಸ್‌ಡಿಯೇ.

ಟ್ಯೂನರ್ ವಿಷಯ ಹಾಗಲ್ಲ, ಇದನ್ನು ತಿಳಿದುಕೊಂಡೇ ಅಂಗಡಿಗೆ ಹೋಗಬೇಕು. ಅಗ್ಗದ ಬಾಕ್ಸ್‌ಗಳಲ್ಲಿ ಇರುವುದು ಒಂದೇ ಟ್ಯೂನರ್. ಒಂದು ಕಾರ್ಯಕ್ರಮ ರೆಕಾರ್ಡ್ ಆಗುತ್ತಿರುವಾಗ ಇನ್ನೊಂದನ್ನು ನೋಡಬಹುದೇ ಎಂದರೆ, ಕೆಲವೊಮ್ಮೆ ಹೌದು, ಕೆಲವೊಮ್ಮೆ ಇಲ್ಲ. ವಾಹಿನಿಗಳು ಒಂಟಿಯಾಗಿ ಬರುವುದಿಲ್ಲ, ಟ್ರಾನ್ಸ್‌ಪಾಂಡರ್ ಎಂಬ ಒಂದೊಂದು ಬಸ್ಸಿನಲ್ಲಿ ಹತ್ತಾರು ವಾಹಿನಿಗಳು ಕೂತು ಬರುತ್ತವೆ, ಮತ್ತು ಒಂದು ಟ್ಯೂನರ್ ಒಂದು ಹೊತ್ತಿಗೆ ಒಂದೇ ಬಸ್ಸನ್ನು ನಿಲ್ಲಿಸಿಕೊಳ್ಳಬಲ್ಲದು. ರೆಕಾರ್ಡ್ ಆಗುತ್ತಿರುವ ವಾಹಿನಿ ಬಂದ ಬಸ್ಸಿನಲ್ಲೇ ನಿಮಗೆ ಬೇಕಾದ ಇನ್ನೊಂದು ವಾಹಿನಿಯೂ ಇದ್ದರೆ ನೋಡಬಹುದು. ಇಲ್ಲದಿದ್ದರೆ ಬಾಕ್ಸ್ ಆ ವಾಹಿನಿಗೆ ಹೋಗುವುದೇ ಇಲ್ಲ, ಅಥವಾ ರೆಕಾರ್ಡಿಂಗ್ ನಿಲ್ಲಿಸಲೇ ಎಂದು ಕೇಳುತ್ತದೆ. ಅರ್ಧ ರೆಕಾರ್ಡಿಂಗ್‌ಗಳು ಹುಟ್ಟುವುದು ಇಲ್ಲಿಂದಲೇ. ಮನೆಯವರೊಬ್ಬರು ತಿಳಿಯದೆ ‘ಸರಿ’ ಒತ್ತಿರುತ್ತಾರೆ. ಎರಡು ಟ್ಯೂನರ್‌ನ ಬಾಕ್ಸ್ ನಮ್ಮ ಅಂಗಡಿಗಳಲ್ಲಿ ಅಪರೂಪ, ಸಿಕ್ಕರೂ ತುಟ್ಟಿ. ನನ್ನ ಸಲಹೆ ಬೇರೆ. ಹಳೆಯ ಬಾಕ್ಸ್ ಮನೆಯಲ್ಲಿ ಚೆನ್ನಾಗಿಯೇ ಓಡುತ್ತಿದ್ದರೆ ಅದನ್ನು ಎಸೆಯಬೇಡಿ. ನೋಡಲು ಹಳೆಯದಿರಲಿ, ಹೊಸದು ರೆಕಾರ್ಡಿಂಗ್‌ಗೆ ಮಾತ್ರ ಇರಲಿ. ಡಿಶ್‌ನ ಮುಂದೆ ಕೂತು ಸಂಕೇತ ಹಿಡಿಯುವ ಎಲ್‌ಎನ್‌ಬಿಯನ್ನು ಬದಲಿಸಿ, ಎರಡು ತಂತಿಗೆ ಸಂಕೇತ ಕೊಡುವ ಜೋಡಿ ಎಲ್‌ಎನ್‌ಬಿ ಹಾಕಿಸಿದರೆ ಒಂದೇ ಡಿಶ್‌ನಲ್ಲಿ ಎರಡೂ ಬಾಕ್ಸ್ ಒಂದರ ತಂಟೆಗೆ ಇನ್ನೊಂದು ಹೋಗದೆ ನಡೆಯುತ್ತವೆ. ಎರಡು ಟ್ಯೂನರ್‌ನ ಬಾಕ್ಸ್‌ಗಿಂತ ಇದು ಎಷ್ಟೋ ಅಗ್ಗ.

ಇನ್ನು ಟೈಮರ್. ನನ್ನ ಮಟ್ಟಿಗೆ ರೆಕಾರ್ಡರ್‌ನ ಪ್ರಾಣ ಇರುವುದು ಇಲ್ಲೇ.

ಅಗ್ಗದ ಬಾಕ್ಸ್‌ಗಳಲ್ಲಿ ಗೋಡೆ ಗಡಿಯಾರದಂತೆ ತಾನಾಗಿ ಓಡುವ, ಬ್ಯಾಟರಿಯ ಬೆಂಬಲವಿರುವ ಗಡಿಯಾರ ಸಾಮಾನ್ಯವಾಗಿ ಇರುವುದಿಲ್ಲ. ವಾಹಿನಿಯ ಸಂಕೇತದ ಜೊತೆಯಲ್ಲೇ ಬರುವ ವೇಳೆಯನ್ನು ಅವು ಓದಿಕೊಳ್ಳುತ್ತವೆ. ಆ ವೇಳೆ ಬರುವುದು ಗ್ರೀನ್‌ವಿಚ್ ಲೆಕ್ಕದಲ್ಲಿ, ನಮ್ಮ ವೇಳೆಗೆ ತರಲು ಮೆನುವಿನಲ್ಲಿ ಐದೂವರೆ ಗಂಟೆ ಸೇರಿಸಬೇಕು. ‘+5:30’ ಎಂದು ಆರಿಸುವ ಅವಕಾಶ ಇದೆಯೇ ನೋಡಿ, ‘ಸಮ್ಮರ್ ಟೈಮ್’ ಎಂಬುದನ್ನು ಆಫ್ ಮಾಡಿಡಿ. ಇಷ್ಟು ಮಾಡದೆ ಟೈಮರ್ ಇಟ್ಟವರಿಗೆ ರಾತ್ರಿಯ ಕಾರ್ಯಕ್ರಮದ ಬದಲು ಇನ್ಯಾವುದೋ ಹೊತ್ತಿನ ಜಾಹೀರಾತು ಸಿಕ್ಕಿರುತ್ತದೆ, ಬಾಕ್ಸ್ ಕೆಟ್ಟಿದೆ ಎಂದು ಅವರು ತಿಳಿದುಕೊಂಡಿರುತ್ತಾರೆ.

ಕರೆಂಟ್ ಹೋದಾಗ ಏನಾಗುತ್ತದೆ? ನಮ್ಮ ಹಳ್ಳಿಗಳಲ್ಲಿ ರೆಕಾರ್ಡರ್ ಕೊಳ್ಳುವವರು ಕೇಳಬೇಕಾದ ಮುಖ್ಯ ಪ್ರಶ್ನೆ ಇದು, ಯಾವ ರಟ್ಟಿನ ಡಬ್ಬಿಯ ಮೇಲೂ ಇದಕ್ಕೆ ಉತ್ತರ ಅಚ್ಚಾಗಿರುವುದಿಲ್ಲ. ಕರೆಂಟ್ ಮರಳಿದಾಗ ಬಾಕ್ಸ್‌ಗಳು ಬೇರೆ ಬೇರೆ ರೀತಿ ನಡೆದುಕೊಳ್ಳುತ್ತವೆ. ಕೆಲವು ಹಿಂದೆ ಯಾವ ವಾಹಿನಿಯಲ್ಲಿದ್ದವೋ ಅಲ್ಲಿಗೇ ಹೋಗಿ, ಸಂಕೇತದಿಂದ ವೇಳೆ ಓದಿ, ಟೈಮರ್ ನೆನಪಿಟ್ಟುಕೊಂಡು ಕಾಯುತ್ತವೆ. ಇವು ಒಳ್ಳೆಯವು. ಕೆಲವು ಕೆಂಪು ದೀಪ ಹೊತ್ತಿಸಿಕೊಂಡು ನಿದ್ದೆಯಲ್ಲೇ ಉಳಿಯುತ್ತವೆ. ನಿದ್ದೆಯಲ್ಲಿರುವ ಬಾಕ್ಸ್ ಸಂಕೇತ ಓದದೆ ಹೋದರೆ ಅದಕ್ಕೆ ವೇಳೆಯೇ ತಿಳಿಯುವುದಿಲ್ಲ, ಟೈಮರ್ ಇದ್ದೂ ಇಲ್ಲದಂತೆ. ಇನ್ನು ಕೆಲವು ಟೈಮರ್ ಪಟ್ಟಿಯನ್ನೇ ಮರೆತುಬಿಡುತ್ತವೆ. ಕಂಪನಿಯ ಹೆಸರು ನೋಡಿ ಇದನ್ನು ಊಹಿಸಲಾಗದು. ಒಂದೇ ಹೆಸರಿನ ಎರಡು ಮಾದರಿಗಳಲ್ಲೇ ಒಳಗಿನ ಚಿಪ್, ತಂತ್ರಾಂಶ ಬೇರೆಯಾಗಿರಬಹುದು.

ಅದಕ್ಕೇ ಅಂಗಡಿಯಲ್ಲೇ ಪರೀಕ್ಷೆ ಮಾಡಿಸಿ ಎನ್ನುತ್ತೇನೆ. ಹತ್ತು ನಿಮಿಷ ಸಾಕು. ಈಗಿನಿಂದ ಆರು ನಿಮಿಷಕ್ಕೆ ಟೈಮರ್ ಇಡಿ. ರಿಮೋಟ್‌ನಿಂದ ಬಾಕ್ಸ್ ಆರಿಸಿ ನಿದ್ದೆಗೆ ಕಳಿಸಿ. ಆಮೇಲೆ ಗೋಡೆಯ ಸ್ವಿಚ್ ಆರಿಸಿ, ಒಂದು ನಿಮಿಷ ಬಿಟ್ಟು ಹಾಕಿ. ಇನ್ನು ಯಾರೂ ರಿಮೋಟ್ ಮುಟ್ಟಬಾರದು. ಹೇಳಿದ ಹೊತ್ತಿಗೆ ಬಾಕ್ಸ್ ತಾನಾಗಿ ಎದ್ದು ರೆಕಾರ್ಡ್ ಮಾಡಿದರೆ ಅದನ್ನು ಕೊಳ್ಳಿ. ಮಾಡದಿದ್ದರೆ ಇನ್ನೊಂದು ಮಾದರಿ ತೋರಿಸಲು ಹೇಳಿ. ಅಂಗಡಿಯವರಿಗೆ ಪುರುಸೊತ್ತಿಲ್ಲದಿದ್ದರೆ, ಮನೆಗೆ ಒಯ್ದು ಇದೇ ಪರೀಕ್ಷೆ ಮಾಡಿ ಸರಿಬಾರದಿದ್ದರೆ ಬದಲಿಸಿಕೊಡುತ್ತೀರಾ ಎಂದು ಮೊದಲೇ ಮಾತಾಡಿ, ಆ ಮಾತನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ.

ಬಾಕ್ಸ್ ಎಷ್ಟೇ ಜಾಣ ಇದ್ದರೂ ರೆಕಾರ್ಡ್ ಆಗುತ್ತಿರುವಾಗ ಕರೆಂಟ್ ಹೋದರೆ ಅದು ಏನೂ ಮಾಡಲಾರದು. ಆ ತನಕದ ಕಡತವೂ ಕೆಲವೊಮ್ಮೆ ತೆರೆಯಲಾಗದಂತೆ ಕೆಟ್ಟುಹೋಗುತ್ತದೆ. ಇದಕ್ಕೊಂದು ಸುಲಭ ಪರಿಹಾರವಿದೆ. ವೈ-ಫೈ ರೂಟರ್‌ಗೆಂದು ಸಣ್ಣ ಯುಪಿಎಸ್‌ಗಳು ಬಂದಿವೆ, 12 ವೋಲ್ಟ್ ಕೊಡುವವು. ನಿಮ್ಮ ಬಾಕ್ಸ್ ಹೊರಗಿನ ಅಡಾಪ್ಟರ್‌ನಿಂದ 12 ವೋಲ್ಟ್‌ನಲ್ಲಿ ನಡೆಯುವಂಥದ್ದಾದರೆ ಆ ಯುಪಿಎಸ್ ಇದಕ್ಕೂ ಆಗುತ್ತದೆ. ಅಡಾಪ್ಟರ್ ಮೇಲೆ ಬರೆದಿರುವ ಆಂಪಿಯರ್‌ನಷ್ಟನ್ನು ಯುಪಿಎಸ್ ಕೊಡಬಲ್ಲದೇ, ಪಿನ್ ಹೊಂದುತ್ತದೆಯೇ ಎಂದು ನೋಡಿಕೊಂಡರಾಯಿತು. ಚಾವಣಿಯ ಎಲ್‌ಎನ್‌ಬಿಗೆ ವಿದ್ಯುತ್ ಹೋಗುವುದೂ ಬಾಕ್ಸ್‌ನ ತಂತಿಯಲ್ಲೇ, ಹಾಗಾಗಿ ಬೇರೇನೂ ಬೇಡ. ಟಿವಿ ಆರಿದ್ದರೂ ರೆಕಾರ್ಡಿಂಗ್ ನಡೆಯುತ್ತಿರುತ್ತದೆ. ಈ ಒಂದು ಕಾರಣಕ್ಕೆ, ವಿದ್ಯುತ್ತಿನ ತಂತಿ ನೇರವಾಗಿ ಒಳಹೋಗುವ ಬಾಕ್ಸ್‌ಗಿಂತ ಹೊರಗಿನ 12 ವೋಲ್ಟ್ ಅಡಾಪ್ಟರ್ ಇರುವ ಬಾಕ್ಸ್ ಒಳ್ಳೆಯದೆಂದು ನಾನು ಹೇಳುತ್ತೇನೆ. ಮನೆಗೆಲ್ಲ ಇನ್‌ವರ್ಟರ್ ಇದ್ದವರಿಗೆ ಈ ಚಿಂತೆ ಬೇಕಿಲ್ಲ.

ಟೈಮರ್‌ಗೆ ಸೇರಿದ ಇನ್ನೆರಡು ಮಾತು. ಪರದೆಯ ಮೇಲೆ ಬರುವ ಕಾರ್ಯಕ್ರಮ ಪಟ್ಟಿಯನ್ನು ಫ್ರೀ ಡಿಶ್‌ನಲ್ಲಿ ಎಲ್ಲ ವಾಹಿನಿಗೂ ನೆಚ್ಚಿಕೊಳ್ಳುವಂತಿಲ್ಲ. ಕೈಯಾರೆ ವೇಳೆ ಹಾಕಿ, ಮೊದಲು ಐದು ನಿಮಿಷ, ಕೊನೆಗೆ ಹದಿನೈದು ನಿಮಿಷ ಹೆಚ್ಚು ಕೊಡಿ. ‘ಒಮ್ಮೆ’, ‘ದಿನವೂ’, ‘ವಾರಕ್ಕೊಮ್ಮೆ’ ಎಂಬ ಮೂರು ಆಯ್ಕೆಗಳಾದರೂ ಟೈಮರ್‌ನಲ್ಲಿ ಇರಬೇಕು. ಎರಡನೆಯದು, ಹರಾಜಿನ ಫಲಿತಾಂಶ ಜಾರಿಗೆ ಬಂದಾಗ ವಾಹಿನಿಗಳು ಬರುತ್ತವೆ, ಹೋಗುತ್ತವೆ, ಜಾಗ ಬದಲಿಸುತ್ತವೆ. ಬಾಕ್ಸ್‌ನಲ್ಲಿ ಮತ್ತೆ ಸ್ಕ್ಯಾನ್ ಮಾಡಬೇಕಾಗುತ್ತದೆ. ಸ್ಕ್ಯಾನ್ ಮಾಡಿದ ಮೇಲೆ ಹಳೆಯ ಟೈಮರ್ ಅಳಿಸಿಹೋಗಿರಬಹುದು, ಅಥವಾ ಅದೇ ಸಂಖ್ಯೆಯಲ್ಲಿ ಈಗ ಕೂತಿರುವ ಬೇರೆ ವಾಹಿನಿಯನ್ನು ಹಿಡಿಯಬಹುದು. ಪ್ರತಿ ಸ್ಕ್ಯಾನ್ ಆದಮೇಲೂ ಟೈಮರ್ ಪಟ್ಟಿ ತೆರೆದು ನೋಡುವುದನ್ನು ರೂಢಿ ಮಾಡಿಕೊಳ್ಳಿ.

ಮಳೆಯ ವಿಷಯ ಮಲೆನಾಡು, ಕರಾವಳಿಯವರಿಗೆ ಹೇಳಿಕೊಡಬೇಕಾಗಿಲ್ಲ. ಫ್ರೀ ಡಿಶ್ ಬರುವುದು ಕೆಯು ಬ್ಯಾಂಡ್‌ನಲ್ಲಿ, ದಪ್ಪ ಮಳೆ ಆ ಅಲೆಗಳನ್ನು ಹೀರಿಬಿಡುತ್ತದೆ. ನಮಗಿರುವ ಅನುಕೂಲವೆಂದರೆ ಉಪಗ್ರಹ ನಮ್ಮ ನೆತ್ತಿಗೆ ಹತ್ತಿರ. ಬೆಂಗಳೂರಿನಿಂದ ನೋಡಿದರೆ ಅದು ಆಗ್ನೇಯ ದಿಕ್ಕಿನಲ್ಲಿ, ದಿಗಂತದಿಂದ ಸುಮಾರು 66 ಡಿಗ್ರಿ ಎತ್ತರದಲ್ಲಿದೆ. ಅಷ್ಟು ಎತ್ತರದಿಂದ ಇಳಿಯುವ ಅಲೆ ಮಳೆಮೋಡದೊಳಗೆ ಕಡಿಮೆ ದೂರ ಸಾಗುತ್ತದೆ, ತೆಂಗು ಅಡಿಕೆಯ ಮರಗಳೂ ಅಷ್ಟಾಗಿ ಅಡ್ಡ ಬರುವುದಿಲ್ಲ. ಡಿಶ್ ಅನ್ನು ಬಿಸಿಲಿನ ದಿನ ‘ಚಿತ್ರ ಬಂತಲ್ಲ’ ಎಂದು ಬಿಟ್ಟುಬಿಡದೆ, ಸಿಗ್ನಲ್ ಗುಣಮಟ್ಟದ ಪಟ್ಟಿ ಎಷ್ಟು ಮೇಲೇರಬಲ್ಲದೋ ಅಷ್ಟಕ್ಕೆ ತಿರುಗಿಸಿ ನಿಲ್ಲಿಸಬೇಕು. ಮಳೆಗಾಲ ಜೋರಿರುವ ಊರಿನವರು ಒಂದು ಅಳತೆ ದೊಡ್ಡ ಡಿಶ್ ಹಾಕಿಸಿಕೊಂಡರೆ ನೂರಿನ್ನೂರು ರೂಪಾಯಿ ಹೆಚ್ಚಾದರೂ ನಷ್ಟವಿಲ್ಲ. ರೆಕಾರ್ಡ್ ನಡುವೆ ಸಂಕೇತ ಕಡಿದು ಮತ್ತೆ ಬಂದಾಗ ಬಾಕ್ಸ್ ಮುಂದುವರಿಸುತ್ತದೆಯೇ, ಅಲ್ಲಿಗೇ ನಿಲ್ಲಿಸಿಬಿಡುತ್ತದೆಯೇ? ಇದನ್ನೂ ಪರೀಕ್ಷಿಸಬಹುದು: ರೆಕಾರ್ಡ್ ಆಗುತ್ತಿರುವಾಗ ಮನೆಯವರೊಬ್ಬರು ಚಾವಣಿಗೆ ಹೋಗಿ ಎಲ್‌ಎನ್‌ಬಿಯ ಮುಂದೆ ಕೈ ಅಡ್ಡ ಹಿಡಿದು ತೆಗೆದರೆ ಗೊತ್ತಾಗುತ್ತದೆ.

ಎಲ್ಲಿ ಉಳಿಸುವುದು? ಒಂದು ಎಸ್‌ಡಿ ವಾಹಿನಿ ಎಂಪೆಗ್-2ರಲ್ಲಿ ಸೆಕೆಂಡಿಗೆ ಸುಮಾರು ಎರಡೂವರೆಯಿಂದ ಮೂರು ಮೆಗಾಬಿಟ್ ಹರಿಯುತ್ತದೆ ಎಂದಿಟ್ಟುಕೊಳ್ಳಿ. ಗಂಟೆಗೆ ಒಂದೂಕಾಲು ಜಿಬಿ ಆಸುಪಾಸು ಆಗುತ್ತದೆ. 32 ಜಿಬಿ ಪೆನ್ ಡ್ರೈವ್‌ನಲ್ಲಿ ಇಪ್ಪತ್ತು ಗಂಟೆಗೂ ಮೀರಿ ಹಿಡಿಸುತ್ತದೆ, 500 ಜಿಬಿ ಡಿಸ್ಕ್‌ನಲ್ಲಿ ಮುನ್ನೂರೈವತ್ತಕ್ಕೂ ಹೆಚ್ಚು ಗಂಟೆ. ಎಂಪೆಗ್-4 ವಾಹಿನಿಯಾದರೆ ಸಾಮಾನ್ಯವಾಗಿ ಇನ್ನೂ ಹೆಚ್ಚು. ವೇಗದ ವಿಷಯದಲ್ಲಿ ತಲೆ ಕೆಡಿಸಿಕೊಳ್ಳಬೇಡಿ. ಸೆಕೆಂಡಿಗೆ ಅರ್ಧ ಎಂಬಿಯೂ ಬರೆಯಬೇಕಾಗಿಲ್ಲ, ಮೂಲೆಯಲ್ಲಿ ಬಿದ್ದಿರುವ ಹಳೆಯ ಪೆನ್ ಡ್ರೈವ್‌ಗೂ ಅದು ಸಾಧ್ಯ.

ತೊಂದರೆ ಬರುವುದು ಬೇರೆ ಕಡೆ. ಬಹಳಷ್ಟು ಅಗ್ಗದ ಬಾಕ್ಸ್‌ಗಳು ಫ್ಯಾಟ್-32 ಎಂಬ ಹಳೆಯ ಪದ್ಧತಿಯ ಡ್ರೈವ್ ಮಾತ್ರ ಗುರುತಿಸುತ್ತವೆ. 64 ಜಿಬಿ ಮತ್ತು ಅದಕ್ಕೂ ದೊಡ್ಡ ಪೆನ್ ಡ್ರೈವ್‌ಗಳು ಹೆಚ್ಚಾಗಿ ಬೇರೆ ಪದ್ಧತಿಯಲ್ಲಿ ಬರುವುದರಿಂದ ಬಾಕ್ಸ್ ‘ಡ್ರೈವ್ ಇಲ್ಲ’ ಎನ್ನುತ್ತದೆ. ಬಾಕ್ಸ್‌ನ ಮೆನುವಿನಲ್ಲೇ ಒಮ್ಮೆ ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತದೆ, ಅದರಲ್ಲಿದ್ದ ಹಳೆಯ ಫೋಟೊಗಳನ್ನು ಮೊದಲು ಬೇರೆಡೆ ಇಟ್ಟುಕೊಂಡಿರಬೇಕು ಅಷ್ಟೆ. ಫ್ಯಾಟ್-32ರಲ್ಲಿ ಒಂದು ಕಡತ 4 ಜಿಬಿ ಮೀರುವಂತಿಲ್ಲ. ಅಂದರೆ ಸುಮಾರು ಮೂರು ಗಂಟೆ. ಒಳ್ಳೆಯ ಬಾಕ್ಸ್ ಆ ಮಿತಿ ಬಂದಾಗ ತಾನಾಗಿ ಎರಡನೇ ಕಡತ ತೆರೆದು ಮುಂದುವರಿಸುತ್ತದೆ, ಕೆಟ್ಟದ್ದು ಅಲ್ಲಿಗೆ ನಿಲ್ಲಿಸುತ್ತದೆ. ಏಕದಿನ ಪಂದ್ಯದ ಎರಡನೇ ಇನ್ನಿಂಗ್ಸ್ ಸಿಗದೆ ಹೋಗುವುದು ಹೀಗೆ. ತಿರುಗುವ ಹಾರ್ಡ್ ಡಿಸ್ಕ್ ಸಿಕ್ಕಿಸುವುದಾದರೆ ಇನ್ನೊಂದು ಎಚ್ಚರ ಬೇಕು. ಯುಎಸ್‌ಬಿ 2 ಕಿಂಡಿಯ ಅಧಿಕೃತ ಮಿತಿ 500 ಮಿಲಿ ಆಂಪಿಯರ್, ಡಿಸ್ಕ್ ತಿರುಗಲು ಆರಂಭಿಸುವಾಗ ಅದಕ್ಕಿಂತ ಹೆಚ್ಚು ಎಳೆಯಬಹುದು. ಟಕ್ ಟಕ್ ಸದ್ದು ಬಂದು ಡಿಸ್ಕ್ ಕಾಣಿಸದಿದ್ದರೆ ಅದು ಕೆಟ್ಟಿದೆ ಎಂದು ತೀರ್ಮಾನಿಸಬೇಡಿ, ವಿದ್ಯುತ್ ಸಾಲದೆ ಇರಬಹುದು. ಹಾಗಿದ್ದರೆ ಪ್ರತ್ಯೇಕ ವಿದ್ಯುತ್ ಇರುವ ಯುಎಸ್‌ಬಿ ಹಬ್ ಬೇಕಾಗುತ್ತದೆ. ಪೆನ್ ಡ್ರೈವ್ ಬಳಸುವವರು ‘ಟೈಮ್‌ಶಿಫ್ಟ್’ ಆಫ್ ಮಾಡಿಡಿ. ಅದು ಚಾಲೂ ಇದ್ದರೆ ನೀವು ರೆಕಾರ್ಡ್ ಮಾಡದಿದ್ದಾಗಲೂ ಡ್ರೈವ್ ಮೇಲೆ ಬರೆಯುತ್ತಲೇ ಇದ್ದು ಅದರ ಆಯುಷ್ಯ ತಿನ್ನುತ್ತದೆ. ಸಂತೆಯಲ್ಲಿ ಮುನ್ನೂರು ರೂಪಾಯಿಗೆ ಸಿಗುವ ‘ಒಂದು ಟಿಬಿ’ ಪೆನ್ ಡ್ರೈವ್ ಸುಳ್ಳು. ಅದರ ನಿಜವಾದ ಜಾಗ ತುಂಬಿದ ಮೇಲೆ ಬರೆದದ್ದೆಲ್ಲ ಗಾಳಿಗೆ ಹೋಗುತ್ತದೆ.

ಉಳಿಸಿದ್ದು ನಿಮ್ಮದಾಗಿ ಉಳಿಯುತ್ತದೆಯೇ ಎಂಬುದು ಕೊನೆಯ ಪರೀಕ್ಷೆ. ಹಣ ಕಟ್ಟುವ ಡಿಟಿಎಚ್‌ನ ರೆಕಾರ್ಡರ್‌ಗಳಲ್ಲಿ ರೆಕಾರ್ಡಿಂಗ್ ಆ ಬಾಕ್ಸ್‌ಗೆ ಅಂಟಿಕೊಂಡಿರುತ್ತದೆ. ಫ್ರೀ ಡಿಶ್‌ನ ಹಲವು ಬಾಕ್ಸ್‌ಗಳು ಬೀಗವಿಲ್ಲದ ಟಿಎಸ್ ಕಡತ ಕೊಡುತ್ತವೆ. ಅದನ್ನು ಕಂಪ್ಯೂಟರ್‌ನಲ್ಲಿ ವಿಎಲ್‌ಸಿ ಎಂಬ ಉಚಿತ ತಂತ್ರಾಂಶದಲ್ಲಿ ನೋಡಬಹುದು, ಒಟಿಜಿ ಕೇಬಲ್ ಹಾಕಿ ಫೋನಿನಲ್ಲೂ ನೋಡಬಹುದು. ಅಂಗಡಿಯಲ್ಲಿ ರೆಕಾರ್ಡ್ ಮಾಡಿದ ಆ ಎರಡು ನಿಮಿಷವನ್ನು ಅಲ್ಲೇ ನಿಮ್ಮ ಫೋನಿಗೆ ಸಿಕ್ಕಿಸಿ ತೆರೆದು ನೋಡಿ. ಬಾಕ್ಸ್ ಮುಂದೊಂದು ದಿನ ಕೆಡುತ್ತದೆ. ತೆರೆಯುವ ಕಡತವಾದರೆ ಆಮೇಲೂ ಟಿವಿಯಲ್ಲಿ ಬಂದ ನಿಮ್ಮ ಮಗಳ ಭರತನಾಟ್ಯ ನಿಮ್ಮ ಬಳಿ ಇರುತ್ತದೆ. ಉಪಗ್ರಹ ಟ್ಯೂನರ್ ಒಳಗೇ ಇರುವ ಟಿವಿಗಳೂ ಬಂದಿವೆ, ಭಾರತೀಯ ಮಾನಕ ಬ್ಯೂರೊ ಅವುಗಳಿಗಾಗಿ ಐಎಸ್ 18112:2022 ಎಂಬ ಮಾನದಂಡ ಹೊರಡಿಸಿದೆ. ಬಾಕ್ಸ್‌ನ ಗೊಡವೆಯಿಲ್ಲದೆ ಫ್ರೀ ಡಿಶ್ ನೋಡಲು ಅದು ಒಳ್ಳೆಯ ಹೆಜ್ಜೆ. ರೆಕಾರ್ಡಿಂಗ್‌ಗಾಗಿ ಅಂಥ ಟಿವಿ ಕೊಳ್ಳಬೇಡಿ ಎನ್ನುತ್ತೇನೆ. ರೆಕಾರ್ಡಿಂಗ್ ಇರುವ ಹಲವು ಟಿವಿಗಳು ಡಿಸ್ಕ್‌ಗೆ ತಮ್ಮದೇ ಬೀಗ ಹಾಕುತ್ತವೆ, ಅದೇ ಟಿವಿಯಲ್ಲಲ್ಲದೆ ಬೇರೆಲ್ಲೂ ಅದು ತೆರೆಯುವುದಿಲ್ಲ.

ಹೀಗೆ ರೆಕಾರ್ಡ್ ಮಾಡುವುದು ಕಾನೂನಿಗೆ ಒಪ್ಪಿಗೆಯೇ ಎಂದು ಹಿಂಜರಿಯುವವರಿದ್ದಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯ 39ನೇ ಕಲಮು, ಪ್ರಸಾರವನ್ನು ತನ್ನ ಖಾಸಗಿ ಬಳಕೆಗಾಗಿ ಅಥವಾ ಪ್ರಾಮಾಣಿಕ ಬೋಧನೆ, ಸಂಶೋಧನೆಗಾಗಿ ರೆಕಾರ್ಡ್ ಮಾಡಿಕೊಂಡರೆ ಪ್ರಸಾರಕರ ಹಕ್ಕಿಗೆ ಧಕ್ಕೆಯಲ್ಲ ಎನ್ನುತ್ತದೆ. ಮನೆಯಲ್ಲಿ ನೋಡಲು ಉಳಿಸಿಕೊಳ್ಳಿ. ಯೂಟ್ಯೂಬ್‌ಗೆ ಹಾಕುವುದು, ಪ್ರತಿ ಮಾಡಿ ಮಾರುವುದು ಬೇರೆ ವಿಷಯ, ಅದು ತಪ್ಪು.

ಇಷ್ಟೆಲ್ಲ ಪರೀಕ್ಷೆಯನ್ನು ಗಿರಾಕಿಯೇ ಯಾಕೆ ಮಾಡಬೇಕು? ಬ್ರಿಟನ್‌ನಲ್ಲಿ ಬಿಬಿಸಿ ಮತ್ತು ಐಟಿವಿ ಸೇರಿ 2008ರ ಮೇ ತಿಂಗಳಲ್ಲಿ ‘ಫ್ರೀಸ್ಯಾಟ್’ ಎಂಬ ತಿಂಗಳ ಚಂದಾ ಇಲ್ಲದ ಉಪಗ್ರಹ ಟಿವಿ ಆರಂಭಿಸಿದವು. ಅದೇ ವರ್ಷದ ಕೊನೆಗೆ ‘ಫ್ರೀಸ್ಯಾಟ್ ಪ್ಲಸ್’ ರೆಕಾರ್ಡರ್ ಬಂತು. ಹ್ಯೂಮ್ಯಾಕ್ಸ್ ಕಂಪನಿಯ ಆ ಮೊದಲ ಬಾಕ್ಸ್‌ನಲ್ಲಿ ಎರಡು ಟ್ಯೂನರ್, 320 ಜಿಬಿ ಡಿಸ್ಕ್ ಇದ್ದವು. ಒಂದು ಧಾರಾವಾಹಿಯನ್ನು ಒಮ್ಮೆ ಆರಿಸಿದರೆ ಮುಂದಿನ ಕಂತುಗಳನ್ನು ಅದು ತಾನೇ ಹಿಡಿಯುತ್ತಿತ್ತು. ಅಲ್ಲಿ ಪ್ರಸಾರಕರೇ ನಿಂತು, ರೆಕಾರ್ಡರ್ ಎಂದರೆ ಇಷ್ಟಿರಬೇಕು ಎಂದು ಕಟ್ಟು ಹಾಕಿದ್ದರಿಂದ ಹೆಸರು ನೋಡಿ ಕೊಂಡವರಿಗೆ ಮೋಸವಾಗಲಿಲ್ಲ. ಅದು ನಮ್ಮ ಬಾಕ್ಸ್‌ಗಳಿಗಿಂತ ಬಹಳ ತುಟ್ಟಿ, ಅದನ್ನೇ ತರಬೇಕೆಂದು ನಾನು ಹೇಳುತ್ತಿಲ್ಲ. ಬಾಕ್ಸ್ ತಯಾರಕರಿಗೆ ಅನುಮತಿ ಕೊಡುವ ಪ್ರಸಾರ ಭಾರತಿ, ರೆಕಾರ್ಡಿಂಗ್ ಇದೆ ಎಂದು ಅಚ್ಚು ಹಾಕುವವರಿಗೆ ಎರಡು ಷರತ್ತು ವಿಧಿಸಿ, ಮೂರನೆಯದೊಂದನ್ನು ತಾನೇ ಮಾಡಬಹುದು: ಕರೆಂಟ್ ಹೋಗಿ ಬಂದರೂ ಟೈಮರ್ ನಡೆಯಬೇಕು, 4 ಜಿಬಿ ದಾಟಿದರೂ ರೆಕಾರ್ಡಿಂಗ್ ಮುಂದುವರಿಯಬೇಕು, ಪ್ರಸಾರದಲ್ಲಿ ನಂಬುವಂಥ ಕಾರ್ಯಕ್ರಮ ಪಟ್ಟಿ ಬರಬೇಕು. ಮೊದಲೆರಡು ಬರೀ ತಂತ್ರಾಂಶದ ಕೆಲಸ, ಮೂರನೆಯದು ಪ್ರಸಾರ ಭಾರತಿಯದೇ ಕೈಯಲ್ಲಿದೆ.

ಶಾಲೆಗಳ ಬಗ್ಗೆ ಬರೆಯದೆ ಮುಗಿಸಲಾರೆ. 2020ರಲ್ಲಿ ಶಾಲೆ ಮುಚ್ಚಿದಾಗ ರಾಜ್ಯದ ಮಕ್ಕಳಿಗೆ ಚಂದನದಲ್ಲಿ ‘ಸೇತುಬಂಧ’, ‘ಸಂವೇದ’ ಪಾಠಗಳು ಬಂದವು. ಪಾಠದ ಹೊತ್ತಿಗೆ ಕರೆಂಟ್ ಇಲ್ಲದ ಊರಿನ ಮಗುವಿಗೆ ಅಂದಿನ ಪಾಠ ಇಲ್ಲವಾಗುತ್ತಿತ್ತು. ಇದೇ ಜಿಸ್ಯಾಟ್-15ರಿಂದ 2017ರಲ್ಲಿ ಆರಂಭವಾದ ‘ಸ್ವಯಂ ಪ್ರಭ’ ಶೈಕ್ಷಣಿಕ ವಾಹಿನಿಗಳೂ ಬರುತ್ತವೆ, ಆಮೇಲೆ ಸೇರಿದ ‘ಪಿಎಂ ಇ-ವಿದ್ಯಾ’ ವಾಹಿನಿಗಳೂ ಬರುತ್ತವೆ. ಎಂಪೆಗ್-4 ಬಾಕ್ಸ್ ಬೇಕು ಎಂದು ನಾನು ಹಟ ಹಿಡಿಯುವುದಕ್ಕೆ ಇವೂ ಒಂದು ಕಾರಣ. ಸ್ವಯಂ ಪ್ರಭದ ಏರ್ಪಾಡಿನಲ್ಲಿ ದಿನಕ್ಕೆ ಕನಿಷ್ಠ 4 ಗಂಟೆ ಹೊಸ ಪಾಠ ಬರುತ್ತದೆ, ಅದೇ ಪಾಠ ದಿನದಲ್ಲಿ ಇನ್ನೂ 5 ಸಲ ಮರುಪ್ರಸಾರವಾಗುತ್ತದೆ. ಮೇಷ್ಟರು ಟೈಮರನ್ನು ನಡುರಾತ್ರಿಯ ಮರುಪ್ರಸಾರಕ್ಕೆ ಇಟ್ಟರೆ ಬೆಳಿಗ್ಗೆ ಪಾಠ ತಯಾರಿರುತ್ತದೆ. ಒಂದು ಸಲ ಕರೆಂಟ್ ಕೈಕೊಟ್ಟರೂ ಮುಂದಿನ ಮರುಪ್ರಸಾರ ಇದ್ದೇ ಇದೆ. ತರಗತಿಯಲ್ಲಿ ತಮಗೆ ಬೇಕಾದಲ್ಲಿ ನಿಲ್ಲಿಸಿ, ಕಪ್ಪುಹಲಗೆಯ ಮೇಲೆ ಬಿಡಿಸಿ ತೋರಿಸಿ, ಮುಂದುವರಿಸಬಹುದು. ಬೋಧನೆಗಾಗಿ ಮಾಡಿಕೊಳ್ಳುವ ಇಂಥ ರೆಕಾರ್ಡಿಂಗ್‌ಗೆ ಕಾಯ್ದೆಯ ಅಭ್ಯಂತರವೂ ಇಲ್ಲ. ಟೈಮರ್ ಸರಿಯಾಗಿ ನಡೆಯುವ ಒಂದು ಎಂಪೆಗ್-4 ಬಾಕ್ಸ್, ಒಂದು ಡಿಶ್, ರೂಟರ್‌ನ ಸಣ್ಣ ಯುಪಿಎಸ್, ಎರಡು 32 ಜಿಬಿ ಪೆನ್ ಡ್ರೈವ್. ಟಿವಿ ಈಗಾಗಲೇ ಇರುವ ಶಾಲೆಗೆ ಇದಕ್ಕಿಂತ ಹೆಚ್ಚು ಬೇಕಾಗಿಲ್ಲ. ಶಾಲಾಭಿವೃದ್ಧಿ ಸಮಿತಿಯ ಮುಂದಿನ ಸಭೆಯಲ್ಲಿ ಯಾರಾದರೂ ಈ ಪಟ್ಟಿಯನ್ನು ಓದಿ ಹೇಳಬಹುದು.